ಸಿಪ್ಪೆಸಹಿತ ತಿನ್ನುವ ವಟಾಣಿ: ಬಿತ್ತುವ ಹದ

ಬೆಳಗಾವಿ, ನವೆಂಬರ್ 8, 2025

ಮುಂಜಾನೆ ಚಳಿ ಶುರುವಾಗಿದೆ, ಸ್ನೋ ಪೀಸ್ (ಸಿಪ್ಪೆಸಹಿತ ತಿನ್ನುವ ವಟಾಣಿ) ಬಿತ್ತಲು ಇದೇ ಹದ. ಈಗ ಬೀಜ ಬಿದ್ದರೆ ಡಿಸೆಂಬರ್ ಕೊನೆಗೆ ಹೂವು, ಜನವರಿಗೆ ಕಾಯಿ. ತಡಮಾಡಿದರೆ ಹೂವು ಫೆಬ್ರವರಿ ಬಿಸಿಲಿಗೆ ಸಿಗುತ್ತದೆ. ಹಗಲು 30 ಡಿಗ್ರಿ ದಾಟಿತೆಂದರೆ ಹೂವು ಕಾಯಿಕಟ್ಟದೇ ಉದುರತೊಡಗುತ್ತದೆ. ವಿಜಯಪುರ, ಬಾಗಲಕೋಟೆಯವರು ಮಧ್ಯಾಹ್ನ ನೆರಳು ಬೀಳುವ ಜಾಗ ಹುಡುಕಬೇಕು.

ಕಿರಾಣಿ ಅಂಗಡಿಯ ಒಣ ವಟಾಣಿ ಇದಕ್ಕೆ ಬರುವುದಿಲ್ಲ. ಮೊಳೆಯುತ್ತದೆ, ಬಳ್ಳಿಯೂ ಹಬ್ಬುತ್ತದೆ. ಆದರೆ ಅದರ ಸಿಪ್ಪೆಯ ಒಳಗೆ ಕಾಗದದಂಥ ಗಟ್ಟಿ ಪದರವಿದ್ದು, ಎಷ್ಟು ಅಗಿದರೂ ಬಾಯಲ್ಲಿ ಉಳಿಯುತ್ತದೆ. ಸ್ನೋ ಪೀಸ್ ತಳಿಯಲ್ಲಿ ಆ ಪದರವೇ ಇಲ್ಲ. ಬೀಜದ ಪ್ಯಾಕೆಟ್ ಮೇಲೆ ಹೆಸರು ನೋಡಿಯೇ ಕೊಳ್ಳಿ.

ಬೀಜ ಆರೆಂಟು ತಾಸು ನೆನೆದರೆ ಸಾಕು, ಹೆಚ್ಚಾದರೆ ಒಡೆದು ಕೊಳೆಯುತ್ತದೆ. ತಣ್ಣಗಿನ ಬೆಲ್ಲದ ನೀರಿನಲ್ಲಿ ರೈಜೋಬಿಯಂ (ಬೇರಿಗೆ ಸಾರಜನಕ ಒದಗಿಸುವ ಜೀವಾಣು ಗೊಬ್ಬರ) ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ಆಳ ಒಂದು ಇಂಚು, ಬೀಜದಿಂದ ಬೀಜಕ್ಕೆ ಮೂರು ಇಂಚು. ಹನ್ನೆರಡು ಇಂಚಿನ ಕುಂಡಕ್ಕೆ ಆರು ಬೀಜ. ಸಸಿ ಮಾಡಿ ಕಿತ್ತು ನೆಡುವ ಗೋಜು ಬೇಡ, ಬೇರು ಅಲುಗಿದರೆ ಬಳ್ಳಿ ಚೇತರಿಸಿಕೊಳ್ಳುವುದು ಕಷ್ಟ. ಬರೀ ಎರೆ ಮಣ್ಣಾದರೆ ನೀರು ನಿಂತು ಬೀಜ ಕೊಳೆಯುತ್ತದೆ: ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಅರ್ಧ ಪಾಲು ಮರಳು ಬೆರೆಸಿ. ಯೂರಿಯಾ ಹಾಕಿದರೆ ಸೊಪ್ಪು ಮಾತ್ರ ಸೊಂಪು. ಮೊಳಕೆಯಾಗುವ ತನಕ ಬಲೆ ಮುಚ್ಚಿ. ಅಳಿಲು, ಪಾರಿವಾಳ ಬಿಡುವುದಿಲ್ಲ.

ಆಸರೆಗೆ ದಪ್ಪ ಬಿದಿರು ಒಂದೇ ನಿಲ್ಲಿಸಿದರೆ ಪ್ರಯೋಜನವಿಲ್ಲ. ಈ ಬಳ್ಳಿ ಕೈಚಾಚುವುದು ಕುಡಿಯಿಂದ; ಕುಡಿಗೆ ಸುತ್ತಿಕೊಳ್ಳಲು ತೆಳುವಾದದ್ದು ಬೇಕು. ಎರಡು ಬಿದಿರಿನ ನಡುವೆ ಸೆಣಬಿನ ಹುರಿ ಬಿಗಿಯಿರಿ, ಇಲ್ಲವೇ ಕವಲೊಡೆದ ತೊಗರಿ ಕಟ್ಟಿಗೆ ಊರಿ. ಎತ್ತರದ ತಳಿಗೆ ಐದು ಅಡಿ ಬೇಕು.

ಎಲೆಯ ಮೇಲೆ ಬಿಳಿ ಗೆರೆ ಕಂಡರೆ ರಂಗೋಲಿ ಹುಳು, ಆ ಎಲೆ ಚಿವುಟಿ ಹಾಕಿದರೆ ಮುಗಿಯಿತು. ನಿಜವಾದ ಕಾಟ, ಎಲೆಯ ಮೇಲೆ ಬಿಳಿ ಪುಡಿಯಂತೆ ಹರಡುವ ಬೂದಿ ರೋಗದ್ದು. ಹಗಲು ಒಣ ಬಿಸಿಲು, ರಾತ್ರಿ ಇಬ್ಬನಿ ಬಿದ್ದರೆ ಅದು ಬೇಗ ಹರಡುತ್ತದೆ. ದಟ್ಟಣೆ ಕಡಿಮೆ ಮಾಡಿ, ನೀರನ್ನು ಬುಡಕ್ಕಷ್ಟೇ ಹಾಕಿ. ಮೊದಲ ಚುಕ್ಕೆ ಕಂಡಾಗಲೇ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ಹೂವಾಗಿ ವಾರಕ್ಕೆಲ್ಲ ಕಾಯಿ ಕೀಳಲು ಬರುತ್ತದೆ. ಚಪ್ಪಟೆಯಾಗಿದ್ದು, ಒಳಗಿನ ಕಾಳು ಹೊರಗಿನಿಂದ ಅಷ್ಟಿಷ್ಟು ಕಾಣುವಾಗಲೇ ಕೀಳಿ. ದಿನ ಬಿಟ್ಟು ದಿನ ಕೀಳುತ್ತಿರಬೇಕು; ನಾಲ್ಕು ಕಾಯಿ ಬಲಿತರೂ ಬಳ್ಳಿ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದರಿಂದ ಕಿತ್ತರೆ ಕುಡಿ ಹರಿಯದು. ತುದಿ ಮುರಿದು ನಾರೆಳೆದು, ಒಗ್ಗರಣೆಗೆ ಹಾಕಿ ಎರಡೇ ನಿಮಿಷ ಬಾಡಿಸಿ.