‘ಎಷ್ಟು ಗಂಟೆ ಓಡಿರುವ ಹಾರ್ವೆಸ್ಟರ್ ತೆಗೆದುಕೊಳ್ಳಬಹುದು?’ ಅಂತ ಕೇಳುವವರಿಗೆ

“ಸೆಕೆಂಡ್ ಹ್ಯಾಂಡ್ ಕಂಬೈನ್ ಹಾರ್ವೆಸ್ಟರ್ ಒಂದು ನೋಡಿದ್ದೇನೆ, 3,000 ಗಂಟೆ ಓಡಿದೆ, ತೆಗೆದುಕೊಳ್ಳಬಹುದಾ?”

ಜೊತೆಗೆ ಒಂದು ಫೋಟೋ. ಅದೂ ಮುಂದಿನಿಂದ ತೆಗೆದದ್ದು, ಬಣ್ಣ ಫಳಫಳ. ಸಂಖ್ಯೆ ಮಾತ್ರ ಬದಲಾಗುತ್ತದೆ, ಪ್ರಶ್ನೆ ಅದೇ. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಉತ್ತರ: ಆ ಸಂಖ್ಯೆ ಒಂದನ್ನೇ ನೋಡಿ ಯಾರೂ ಹೇಳಲಾರರು. ಹೇಳುವವರು ಸಿಕ್ಕರೆ ಅವರು ಮಾರುವವರ ಕಡೆಯವರು ಅಂತ ತಿಳಿದುಕೊಳ್ಳಿ.

ಮೊದಲನೆಯದಾಗಿ, ಯಾವ ಗಂಟೆ? ಎಷ್ಟೋ ಯಂತ್ರಗಳಲ್ಲಿ ಎರಡು ಲೆಕ್ಕ ಇರುತ್ತದೆ. ಎಂಜಿನ್ ಓಡಿದ್ದು ಒಂದು, ತೆನೆಯಿಂದ ಕಾಳು ಬಿಡಿಸುವ ಡ್ರಮ್ ತಿರುಗಿದ್ದು ಇನ್ನೊಂದು. ರಸ್ತೆಯಲ್ಲಿ ಹೋದದ್ದು, ಟ್ರೈಲರ್‌ಗೆ ಕಾದು ನಿಂತದ್ದು ಎಲ್ಲ ಎಂಜಿನ್ ಲೆಕ್ಕಕ್ಕೆ ಸೇರುತ್ತದೆ. ಕಾಳು ಬಡಿದದ್ದು ಮಾತ್ರ ಡ್ರಮ್ ಲೆಕ್ಕ. ನಿಮಗೆ ಬೇಕಾದ್ದು ಅದು. ಹಳೆಯದರಲ್ಲಿ ಒಂದೇ ಮೀಟರ್ ಇರುತ್ತದೆ, ಅದನ್ನೂ ಬದಲಾಯಿಸಿರಬಹುದು. ಪೆಡಲ್‌ನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ, ಮೀಟರ್ ಮಾತ್ರ ಎಳೆಗೂಸಾಗಿದ್ದರೆ, ಯಾರನ್ನು ನಂಬಬೇಕು ಅಂತ ನಾನು ಹೇಳಬೇಕಾ?

ಎರಡನೆಯದಾಗಿ, ಏನು ಕೊಯ್ದಿದೆ? ಭತ್ತದ ಸಿಪ್ಪೆಯಲ್ಲೂ ಹುಲ್ಲಿನಲ್ಲೂ ಸಿಲಿಕಾ ಜಾಸ್ತಿ. ಉಕ್ಕನ್ನೇ ಉಜ್ಜಿ ತಿನ್ನುತ್ತದೆ. ಭತ್ತದಲ್ಲಿ ಸಾವಿರ ಗಂಟೆ ಓಡಿದ್ದು, ಗೋಧಿಯಲ್ಲಿ ಸಾವಿರ ಗಂಟೆ ಓಡಿದ್ದು ಎರಡೂ ಒಂದೇ ಅಲ್ಲ. ಇದನ್ನು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಒಮ್ಮೆ ಪರಿಚಯದವನೊಬ್ಬ ಜೊತೆಗೆ ಬರಲೇಬೇಕು ಅಂತ ಹಟ ಹಿಡಿದು ಕರೆದುಕೊಂಡು ಹೋದ. ನಾವು ತಲುಪುವಾಗಲೇ ಎಂಜಿನ್ ಬಿಸಿಯಾಗಿತ್ತು. “ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ ನೋಡಿ ಸಾರ್” ಅಂದರು ಮಾರುವವರು. ಬಿಸಿ ಎಂಜಿನ್ ಆಗದೆ ಏನು ಮಾಡುತ್ತದೆ? ನೋಡಬೇಕಾದ್ದು ತಣ್ಣಗಿರುವಾಗ. ಆರಿಸಿ, ಕೀಲಿ ನನ್ನ ಜೇಬಿಗೆ ಹಾಕಿಕೊಂಡು (ಒಳಗೆ ಕೈ ಹಾಕುವ ಮೊದಲು ಇದನ್ನು ಮರೆಯಬೇಡಿ, ಬೆರಳು ಮತ್ತೆ ಬೆಳೆಯುವುದಿಲ್ಲ) ಕೆಳಗೆ ಮಲಗಿ, ಕಾಳನ್ನು ಟ್ಯಾಂಕಿಗೆ ಏರಿಸುವ ಎಲಿವೇಟರ್‌ನ ಬುಡದ ಬಾಗಿಲು ತೆಗೆದೆ. ಅಲ್ಲಿಗೆ ಕಾಳು ತಂದು ಹಾಕುವ ಆಗರ್‌ನ ಸುರುಳಿ ಸವೆದು ಅಂಚು ಬ್ಲೇಡಿನ ಹಾಗಾಗಿತ್ತು. ಹೊಸದರಲ್ಲಿ ಆ ತಗಡಿನ ಅಂಚು ದಪ್ಪಗೆ ಕೈಗೆ ಸಿಗುತ್ತದೆ. ಆಮೇಲೆ ಮುಂದಿನ ಬಾಗಿಲಿನಿಂದ ಡ್ರಮ್ ಕೈಯಲ್ಲೇ ತಿರುಗಿಸಿ ನೋಡಿದೆ. ಡ್ರಮ್ ಮೇಲೆ ತೆನೆ ಉಜ್ಜುವ ಪಟ್ಟಿಗಳಾದ ರಾಸ್ಪ್ ಬಾರ್‌ಗಳ ಮೇಲಿನ ಗೀರು ಅಳಿಸಿ ನುಣ್ಣಗಾಗಿದ್ದವು, ಎರಡು ಬಿಟ್ಟು. ಆ ಎರಡು ಹೊಚ್ಚಹೊಸವು, ಪಕ್ಕಪಕ್ಕದಲ್ಲೇ. “ಈಗಷ್ಟೇ ಹೊಸದು ಹಾಕಿಸಿದ್ದೇವೆ” ಅಂತ ಹೆಮ್ಮೆಯಿಂದ ಹೇಳಿದರು. ಬಾರ್ ಬದಲಿಸುವುದಾದರೆ ಎದುರುಬದುರಿನ ಜೋಡಿ ಬದಲಿಸಬೇಕು, ಇಲ್ಲವೇ ಪೂರ್ತಿ ಸೆಟ್. ಇಲ್ಲದಿದ್ದರೆ ಡ್ರಮ್‌ನ ತೂಕ ಒಂದು ಕಡೆಗೆ ಎಳೆದು ನಡುಗುತ್ತದೆ, ಬೇರಿಂಗ್ ಕೈಕೊಡುತ್ತದೆ. ಇನ್ನು ನುಣ್ಣಗಾದ ಬಾರ್ ತೆನೆ ಬಿಡಿಸುವುದಿಲ್ಲ. ಆಗ ಡ್ರೈವರ್ ಡ್ರಮ್ ವೇಗ ಏರಿಸುತ್ತಾನೆ, ಡ್ರಮ್ ಕೆಳಗಿನ ಕಾನ್ಕೇವ್ ಜಾಲರಿ ಬಿಗಿ ಮಾಡುತ್ತಾನೆ, ಟ್ಯಾಂಕ್ ತುಂಬ ಒಡೆದ ಕಾಳು.

ಇಷ್ಟು ಹೊತ್ತು ನಮ್ಮ ಖರೀದಿದಾರ ಎಲ್ಲಿದ್ದ? ಮೇಲೆ ಕ್ಯಾಬಿನ್‌ನಲ್ಲಿ. ಸೀಟು ಹಿಂದೆ ಮುಂದೆ ಮಾಡಿ ನೋಡುತ್ತಾ, ಕೀಲಿ ಕೊಟ್ಟರೆ ಏಸಿ ಹಾಕಿ ನೋಡುತ್ತೇನೆ ಅಂತ ನನ್ನನ್ನೇ ಕೂಗುತ್ತಿದ್ದ. ಎಲ್ಲ ಹೇಳಿದೆ. “ಆದರೆ ಮೀಟರ್ ಕಮ್ಮಿ ಇದೆಯಲ್ಲ” ಅಂದ. ತೆಗೆದುಕೊಂಡ. ಅವನ ದುಡ್ಡು, ಅವನಿಷ್ಟ. ಆದರೆ ಈಗ ಸಿಕ್ಕಿದವರಿಗೆಲ್ಲ “ಇವರನ್ನು ಕೇಳಿಯೇ ತಗೊಂಡಿದ್ದು” ಅಂತ ನನ್ನ ಹೆಸರು ಹೇಳುತ್ತಾನೆ ನೋಡಿ, ಸಿಟ್ಟು ಬರುವುದು ಅದಕ್ಕೆ.

ಕಟ್ಟರ್ ಬಾರ್‌ನ ಬ್ಲೇಡ್ ಹೋಗಿದೆ, ಬೆಲ್ಟ್ ಸೀಳಿದೆ ಅಂತ ಗಾಬರಿಯಾಗುವವರಿದ್ದಾರೆ. ಅವು ಸವೆಯುವುದಕ್ಕೇ ಇರುವ ಸಾಮಾನು, ಬದಲಿಸಿದರಾಯಿತು. ಹೆದರಬೇಕಾದ್ದು ಬೇರೆ. ಕೊಯ್ದ ಬೆಳೆಯನ್ನು ಡ್ರಮ್ ಕಡೆಗೆ ಎಳೆದೊಯ್ಯುವ ಫೀಡರ್ ಚೈನ್‌ನ ಅಡ್ಡಪಟ್ಟಿ ಬಾಗಿದ್ದರೆ ಕಲ್ಲು ನುಂಗಿರಬಹುದು, ಕಾನ್ಕೇವ್ ಜಾಲರಿಯನ್ನೂ ನೋಡಿ. ಹಿಂದಿನ ಆಕ್ಸಲ್ ಹತ್ತಿರವೋ, ಮುಂದೆ ಹೆಡರ್ (ಬೆಳೆ ಕೊಯ್ಯುವ ಭಾಗ) ಭಾರ ಹೊರುವ ಜಾಗದಲ್ಲೋ ಅಷ್ಟಕ್ಕೇ ಹೊಸ ಬಣ್ಣ ಬಳಿದಿದ್ದರೆ ಅಡಿಯಲ್ಲಿ ವೆಲ್ಡಿಂಗ್ ಹುಡುಕಿ. ಸೈಲೆನ್ಸರ್ ಸುತ್ತ ವೈರಿಗೆಲ್ಲ ಹೊಸ ಟೇಪ್ ಇದ್ದರೆ, ಹೊಟ್ಟಿಗೆ ಬೆಂಕಿ ಹತ್ತಿತ್ತಾ, ಇಲಿ ಕಡಿದಿತ್ತಾ ಅಂತ ನೇರವಾಗಿ ಕೇಳಿ. ಹೈಡ್ರೋಸ್ಟಾಟಿಕ್, ಅಂದರೆ ಪಂಪಿನ ಎಣ್ಣೆ ಒತ್ತಡದಿಂದ ಚಕ್ರ ತಿರುಗುವ ಗಾಡಿಯಾದರೆ ಚೆನ್ನಾಗಿ ಓಡಿಸಿ, ಎಣ್ಣೆ ಬಿಸಿಯಾದ ಮೇಲೆ ಏರು ಹತ್ತಿಸಿ. ಪಂಪು ಸವೆದಿದ್ದರೆ ತಣ್ಣಗಿರುವಾಗ ಗೊತ್ತಾಗುವುದಿಲ್ಲ. ಬಿಸಿಯಾಗಿ ಎಣ್ಣೆ ತೆಳುವಾದಾಗ ಉಸಿರು ಬಿಡುತ್ತದೆ.

ರೋಟರಿಯೋ (ಉದ್ದದ ರೋಟರ್ ತಿರುಗಿಸಿ ಕಾಳು ಬೇರೆ ಮಾಡುವುದು) ಸ್ಟ್ರಾ ವಾಕರ್ರೋ (ಹುಲ್ಲು ಕುಲುಕಿ ಕಾಳು ಉದುರಿಸುವುದು) ಅಂತ ಜಗಳ ಆಡುವವರು ಆಡಿಕೊಳ್ಳಿ. ರೋಟರಿ ಗಾಡಿಗಳಲ್ಲಿ ನ್ಯೂ ಹಾಲೆಂಡ್ ಟಿಆರ್70 ಬಂದದ್ದು 1975ರಲ್ಲಿ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಆಕ್ಸಿಯಲ್ ಫ್ಲೋ 1977ರಲ್ಲಿ. ಅವತ್ತಿನಿಂದ ಜಗಳ ನಡೆದೇ ಇದೆ. ಹುಲ್ಲು ಉದ್ದಕ್ಕೆ ಬೇಕಾದರೆ ವಾಕರ್. ಕಾಳು ಒಡೆಯಬಾರದು, ಹುಲ್ಲು ಪುಡಿಯಾದರೂ ಡೀಸೆಲ್ ಜಾಸ್ತಿ ಕುಡಿದರೂ ಪರವಾಗಿಲ್ಲ ಅಂದರೆ ರೋಟರಿ. ಮುಗೀತು.

ಯಾರಾದರೂ ಒಬ್ಬರು ಇದನ್ನು ಕೇಳಲಿ ಅಂತ ಕಾಯುತ್ತಿದ್ದೇನೆ: “ನನ್ನ ಬೆಳೆ ಕೊಯ್ಯಲು ಎಷ್ಟು ಒಣ ದಿನ ಸಿಗುತ್ತದೆ, ಅಷ್ಟರಲ್ಲಿ ಈ ಯಂತ್ರ ಮುಗಿಸುತ್ತದಾ?” ಲೆಕ್ಕ ಕಷ್ಟವಲ್ಲ. 4.2 ಮೀಟರ್ ಅಂದರೆ ಸುಮಾರು 14 ಅಡಿ ಹೆಡರ್, ಗಂಟೆಗೆ 4 ಕಿಲೋಮೀಟರ್ ವೇಗ. ಕಾಗದದ ಮೇಲೆ ಗಂಟೆಗೆ 4 ಎಕರೆ ಚಿಲ್ಲರೆ. ತಿರುಗುವುದು, ಟ್ಯಾಂಕ್ ಖಾಲಿ ಮಾಡುವುದು, ಕಟ್ಟಿಕೊಂಡದ್ದನ್ನು ಕೀಳುವುದು ಕಳೆದು ನೂರಕ್ಕೆ 70 ಹಿಡಿದರೆ ಹೆಚ್ಚುಕಮ್ಮಿ 3 ಎಕರೆ. ಇಬ್ಬನಿ ಆರಿದ ಮೇಲೆ 6 ಗಂಟೆ ಕೆಲಸ ಸಿಕ್ಕರೆ ದಿನಕ್ಕೆ 18 ಎಕರೆ. 100 ಎಕರೆಗೆ ಆರು ದಿನ. ನಡುವೆ ಒಂದು ದಿನ ಕೆಟ್ಟು ನಿಂತರೆ ಆ 18 ಎಕರೆ ಮಳೆಗೆ ಸಿಗಬಹುದು, ಇಲ್ಲವೇ ಜಾಸ್ತಿ ಮಾಗಿ ಉದುರಬಹುದು. ಇಷ್ಟು ಲೆಕ್ಕ ಹಾಕಿದ ಮೇಲೆ ಕೆಲವರಿಗೆ ಸ್ವಂತ ಯಂತ್ರವೇ ಬೇಡ, ಬಾಡಿಗೆಯೇ ವಾಸಿ ಅಂತ ಬರುತ್ತದೆ. ಅದನ್ನು ಹೇಳಿದರೆ ಮುಖ ಊದಿಸಿಕೊಳ್ಳುತ್ತಾರೆ, ಆಯ್ತು ಬಿಡಿ.

ಕೊಯ್ಯುವುದನ್ನು ನೋಡದೆ ತೆಗೆದುಕೊಳ್ಳಬೇಡಿ. ಮೊದಲು ಕೊಯ್ಯದ ಜಾಗದಲ್ಲಿ ಒಂದು ಚದರ ಮೀಟರ್‌ನಲ್ಲಿ ತಾನಾಗಿ ಉದುರಿದ ಕಾಳು ಎಣಿಸಿ. ಆಮೇಲೆ ಯಂತ್ರ ಹೋದ ದಾರಿಯ ಪೂರ್ತಿ ಅಗಲದಲ್ಲಿ ಅಲ್ಲಲ್ಲಿ ಎಣಿಸಿ ಸರಾಸರಿ ತೆಗೆದು, ಮೊದಲಿನದನ್ನು ಕಳೆಯಿರಿ. 1,000 ಗೋಧಿ ಕಾಳು ಸುಮಾರು 40 ಗ್ರಾಂ ತೂಗುತ್ತದೆ. ಅಂದರೆ ಚದರ ಮೀಟರ್‌ಗೆ 250 ಕಾಳು ಹೋದರೆ ಎಕರೆಗೆ 40 ಕಿಲೋ ಮಣ್ಣುಪಾಲು. ಬಗ್ಗಿ ಎಣಿಸುವವರನ್ನು ನೋಡಿದರೆ ಮಾರುವವರು ಸ್ವಲ್ಪ ಸುಮ್ಮನಾಗುತ್ತಾರೆ, ಅದೊಂದು ಲಾಭ.

ಕೊನೆಗೆ “ಯಾವ ಕಂಪನಿಯದು ಒಳ್ಳೆಯದು?” ಅಂತಲೂ ಕೇಳುತ್ತೀರಿ, ಗೊತ್ತು. ನೋಡಲು ಹೋಗುವ ಮೊದಲು ಮಾಡೆಲ್ ಹೆಸರು, ಸೀರಿಯಲ್ ನಂಬರ್ ತಿಳಿದುಕೊಂಡು ಸ್ಪೇರ್ ಅಂಗಡಿಗೆ ಫೋನ್ ಮಾಡಿ. ಡ್ರಮ್ ಬೆಲ್ಟ್, ಎಲಿವೇಟರ್ ಚೈನ್, ಒಂದು ಬೇರಿಂಗ್, ಈ ಮೂರನ್ನು ಕೇಳಿ. ಮೂರಕ್ಕೂ “ಆರ್ಡರ್ ಹಾಕಬೇಕು” ಅಂದರೆ ಗಾಡಿ ನೋಡಲು ಹೋಗಬೇಡಿ, ನನ್ನನ್ನೂ ಕರೆಯಬೇಡಿ.