ಮೇಲೆ ಬರ, ಬುಡದಲ್ಲಿ ನೀರು: ಶ್ವಾಬಿಷ್ ಆಲ್ಬ್‌ಗೆ ಹೊರಟವರಿಗೆ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕೆಲಸಕ್ಕೋ ಓದಿಗೋ ಬಂದ ನಮ್ಮವರು ಮೊದಲ ರಜೆ ಸಿಕ್ಕ ಕೂಡಲೇ ಬ್ಲ್ಯಾಕ್ ಫಾರೆಸ್ಟಿಗೆ ಓಡುತ್ತಾರೆ. ದುಡ್ಡಿದ್ದರೆ ಸ್ವಿಟ್ಜರ್‌ಲೆಂಡ್. ಅಲ್ಲೇ ದಕ್ಷಿಣಕ್ಕೆ, ಲೋಕಲ್ ರೈಲಿನ ದೂರದಲ್ಲಿ, ಶ್ವಾಬಿಷ್ ಆಲ್ಬ್ ಅಂತ ಒಂದು ಬೆಟ್ಟಸಾಲು ಇದೆ. ಅದನ್ನು ಕಿಟಕಿಯಿಂದ ನೋಡಿಯೇ ಬಿಡುವವರು ಜಾಸ್ತಿ. ನಾವು ಅಕ್ಟೋಬರ್ 3ರ ರಜೆಗೆ ವಾರಾಂತ್ಯ ಸೇರಿಸಿಕೊಂಡು ಹೋಗಿ ಬಂದೆವು. ಹೋಗುವ ಯೋಚನೆ ಇರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ನೆಲದ ವಿಷಯ. ಆಲ್ಬ್ ಸುಮಾರು 200 ಕಿ.ಮೀ. ಉದ್ದದ ಸುಣ್ಣದಕಲ್ಲಿನ ಬೆಟ್ಟ. ಉತ್ತರದ ಕಡೆ ಕಡಿದಾದ ಅಂಚು, ಹತ್ತಿದರೆ ಮೇಲೆ ಬಯಲು. ಅತಿ ಎತ್ತರದ ಲೆಂಬರ್ಗ್ ಕೂಡ 1,015 ಮೀಟರ್ ಅಷ್ಟೇ. ವಿಶೇಷ ಇರುವುದು ಎತ್ತರದಲ್ಲಲ್ಲ, ನೀರಿನಲ್ಲಿ. ಮಳೆ ಬಿದ್ದರೆ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗುತ್ತದೆ, ಮೇಲೆ ನಿಲ್ಲುವುದೇ ಇಲ್ಲ. 1870ರ ದಶಕದಲ್ಲಿ ಕಾರ್ಲ್ ಎಹ್ಮಾನ್ ಎಂಬ ಎಂಜಿನಿಯರ್ ಕಣಿವೆಯಿಂದ ಪಂಪ್ ಮಾಡಿ ನೀರು ಹತ್ತಿಸುವ ತನಕ ಮೇಲಿನ ಹಳ್ಳಿಗಳ ಜನ ಮಾಡಿನಿಂದ ಇಳಿದ ಮಳೆನೀರನ್ನೇ ಹೊಂಡಗಳಲ್ಲಿ ಕೂಡಿಟ್ಟು ಬಳಸುತ್ತಿದ್ದರು. ಹಾಗೆ ಒಳಗೆ ಇಳಿದ ನೀರು ಬುಡದಲ್ಲಿ ಜಲಪಾತವಾಗಿ, ಗುಹೆಯಾಗಿ, ನೀಲಿ ಕೊಳವಾಗಿ ಹೊರಬರುತ್ತದೆ. ಈ ಒಂದು ಸಂಗತಿ ಗೊತ್ತಿದ್ದರೆ ಏನು ನೋಡಬೇಕು ಅನ್ನುವುದು ತಾನಾಗಿಯೇ ತೀರ್ಮಾನ ಆಗುತ್ತದೆ. ಬರೀ ಕೋಟೆಗಳ ಪಟ್ಟಿ ಹಿಡಿದು ಓಡಾಡಿದರೆ ಆಲ್ಬ್ ಕಾಣುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ತಂಗಲು ಬಾಡ್ ಉರಾಖ್ ಒಳ್ಳೆಯ ಊರು. ಸ್ಟುಟ್‌ಗಾರ್ಟ್‌ನಿಂದ ಮೆಟ್ಸಿಂಗನ್, ಅಲ್ಲಿಂದ ಇನ್ನೊಂದು ಸಣ್ಣ ರೈಲು. ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ (2026ರ ಜನವರಿಯಿಂದ 63 ಯೂರೊ) ಇದ್ದರೆ ಬೇರೆ ಟಿಕೆಟ್ ಬೇಡ. ಹೊರಗಿನಿಂದ ಬಂದವರಿಗೆ ಒಂದು ದಿನದ ಬಾಡನ್-ವುರ್ಟೆಂಬರ್ಗ್ ಟಿಕೆಟ್ ಸಾಕು. ಜನ ಹೆಚ್ಚಿದ್ದಷ್ಟು ತಲೆಗೆ ಅಗ್ಗ, ಆದರೆ ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರವೇ ನಡೆಯುತ್ತದೆ. ರೂಮ್ ಬುಕ್ ಮಾಡುವ ಮೊದಲು ಆ ಹೋಟೆಲ್ 'ಆಲ್ಬ್‌ಕಾರ್ಡ್' ಕೊಡುತ್ತದೆಯೇ ಅಂತ ಕೇಳಿ. ಅದರಲ್ಲಿ ಸೇರಿರುವ ಹೋಟೆಲುಗಳ ಅತಿಥಿಗಳಿಗೆ ಕಾರ್ಡ್ ಉಚಿತ. ಬಸ್ಸು, ರೈಲು, ಎಷ್ಟೋ ಗುಹೆ, ಮ್ಯೂಸಿಯಂಗಳ ಪ್ರವೇಶ ಎಲ್ಲ ಅದರಲ್ಲೇ ಬಂದುಬಿಡುತ್ತದೆ. ರೂಮಿಗೆ ಹತ್ತು ಯೂರೊ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಉರಾಖ್ ಜಲಪಾತಕ್ಕೆ ಅದರ ಹೆಸರಿನದ್ದೇ ರೈಲು ನಿಲ್ದಾಣ ಇದೆ. ಇಳಿದು ಹೊಳೆಯ ದಡದಲ್ಲಿ ಆರಾಮಾಗಿ ನಡೆಯಬಹುದು. ಕೊನೆಯಲ್ಲಿ ಮಾತ್ರ ಮೆಟ್ಟಿಲು. ನೀರು ಬೀಳುವುದು 37 ಮೀಟರ್. ಜೋಗ ನೋಡಿದವರು 'ಇಷ್ಟೇನಾ' ಅನ್ನಬಹುದು. ನೋಡಬೇಕಾದದ್ದು ಎತ್ತರವನ್ನಲ್ಲ, ಕಲ್ಲನ್ನು. ನೀರಿನಲ್ಲಿ ಕರಗಿ ಬಂದ ಸುಣ್ಣ ಪಾಚಿಯ ಮೇಲೆ ಕೂತು ಗಟ್ಟಿಯಾಗಿ ಹೊಸ ಬಂಡೆ ಆಗುತ್ತಿರುತ್ತದೆ. ಅಂದರೆ ಬೇರೆ ಜಲಪಾತ ಬಂಡೆಯನ್ನು ತಿನ್ನುತ್ತದೆ, ಇದು ಬಂಡೆಯನ್ನು ಕಟ್ಟುತ್ತದೆ. ಹಿಮ ಕರಗುವ ಮಾರ್ಚ್, ಏಪ್ರಿಲಿನಲ್ಲಿ ನೀರು ಹೆಚ್ಚು. ನಾವು ಹೋದಾಗ ಸಣ್ಣ ಧಾರೆ ಇತ್ತು, ಜನ ಮಾತ್ರ ಧಾರಾಳ. ಬೆಳಗ್ಗೆ 9ರ ಒಳಗೆ ಹೋಗಿಬಿಡಿ.

ಅಲ್ಲಿಂದ ಹಿಂತಿರುಗಬೇಡಿ, ಹೋಹನ್ ಉರಾಖ್ ಪಾಳುಕೋಟೆಗೆ ಹತ್ತಿ. ಟಿಕೆಟ್ ಇಲ್ಲ, ಗೈಡ್ ಇಲ್ಲ. ಪೂರ್ತಿ ಬೀಚ್ ಮರಗಳ ಕಾಡು. ನಿಕೊಡೆಮುಸ್ ಫ್ರಿಶ್ಲಿನ್ ಅನ್ನುವ ಕವಿಯನ್ನು ಇಲ್ಲಿ ಸೆರೆ ಇಟ್ಟಿದ್ದರು. 1590ರ ನವೆಂಬರಿನ ಒಂದು ರಾತ್ರಿ ಹಗ್ಗ ಕಟ್ಟಿಕೊಂಡು ಇಳಿದು ತಪ್ಪಿಸಿಕೊಳ್ಳಲು ಹೋಗಿ, ಹಗ್ಗ ಹರಿದು ಬಿದ್ದು ಸತ್ತ. ಗೋಡೆಯ ಅಂಚಿನಿಂದ ಕೆಳಗೆ ಇಣುಕಿದರೆ ಅವನ ಧೈರ್ಯಕ್ಕೆ ಏನು ಹೇಳಬೇಕೋ ತಿಳಿಯುವುದಿಲ್ಲ. ತಡೆಗೋಡೆ ಎಲ್ಲ ಕಡೆ ಇಲ್ಲ, ಮಕ್ಕಳ ಕೈ ಬಿಡಬೇಡಿ.

ಇನ್ನು ವಿಮ್ಸನ್ ಗುಹೆ. ಜರ್ಮನಿಯಲ್ಲಿ ಪ್ರವಾಸಿಗರು ದೋಣಿಯಲ್ಲಿ ಒಳಗೆ ಹೋಗಬಹುದಾದ ನೀರುಗುಹೆ ಇದೊಂದೇ. ದೋಣಿ ಸುಮಾರು 70 ಮೀಟರ್ ಒಳಗೆ ಹೋಗಿ ಹಿಂತಿರುಗುತ್ತದೆ. ಕೆಲವು ಕಡೆ ತಲೆ ಬಗ್ಗಿಸಲೇಬೇಕು. ಕೆಲವೇ ನಿಮಿಷಗಳ ಆಟ ಅಂತ ಗೊಣಗುವವರೂ ಇದ್ದಾರೆ. ನನಗಂತೂ ನೀರಿನ ಆ ಬಣ್ಣ ನೋಡಿಯೇ ದುಡ್ಡು ಬಂತು ಅನ್ನಿಸಿತು. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಆಲ್ಬ್‌ನ ಹೆಚ್ಚಿನ ಗುಹೆಗಳ ಕಥೆಯೂ ಅಷ್ಟೇ, ಯಾಕೆಂದರೆ ಒಳಗೆ ಬಾವಲಿಗಳು ಚಳಿನಿದ್ದೆ ಮಾಡುತ್ತಿರುತ್ತವೆ. ನವೆಂಬರಿನಿಂದ ಮಾರ್ಚ್‌ವರೆಗೆ ಬರುವವರು ಗುಹೆಗಳ ಆಸೆ ಬಿಡಬೇಕು.

ಕಾರಿಲ್ಲದವರಿಗೆ ಒಂದು ಮಾತು. ನಮ್ಮ ಲೆಕ್ಕಾಚಾರದಲ್ಲಿ ಭಾನುವಾರ ಬಸ್ಸು ಕಡಿಮೆ, ಅಲ್ವಾ? ಇಲ್ಲಿ ಉಲ್ಟಾ. ಮೇಯಿಂದ ಅಕ್ಟೋಬರ್ ನಡುವಿನವರೆಗೆ ಭಾನುವಾರ ಮತ್ತು ರಜಾದಿನಗಳಲ್ಲಿ ನಡೆಯುವವರಿಗೆ, ಸೈಕಲ್ ಸವಾರರಿಗೆ ಅಂತಲೇ ವಿಶೇಷ ರೈಲು, ಬಸ್ಸು ಓಡುತ್ತವೆ. ದೂರದ ಜಾಗಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಕೊನೆಯ ಬಸ್ಸಿನ ಹೊತ್ತು ಮೊದಲೇ ನೋಡಿಕೊಳ್ಳಿ. ಅದು ತಪ್ಪಿದರೆ ಹಳ್ಳಿಯಲ್ಲಿ ಟ್ಯಾಕ್ಸಿ ಹುಡುಕುವುದು ಸುಲಭವಲ್ಲ.

ಮ್ಯುನ್ಸಿಂಗನ್ ಹತ್ತಿರದ ಹಳೆಯ ಸೇನಾ ತರಬೇತಿ ಮೈದಾನವನ್ನು ಹೆಚ್ಚು ಜನ ನೋಡುವುದಿಲ್ಲ. ನನಗೆ ಇಡೀ ಪ್ರವಾಸದಲ್ಲಿ ಅದೇ ಹೆಚ್ಚು ಹಿಡಿಸಿತು. 1895ರಲ್ಲಿ ಶುರುವಾದ ಈ ಮೈದಾನದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ನೇಗಿಲೂ ಇಳಿಯಲಿಲ್ಲ, ಗೊಬ್ಬರವೂ ಬೀಳಲಿಲ್ಲ. ಹಾಗಾಗಿ ಹುಲ್ಲುಗಾವಲು ಹಾಗೇ ಉಳಿದುಕೊಂಡಿದೆ. ಈಗ ಯುನೆಸ್ಕೊ 2009ರಲ್ಲಿ ಮಾನ್ಯ ಮಾಡಿದ ಜೀವಗೋಳ ತಾಣದ ಭಾಗ. ಮಧ್ಯದಲ್ಲಿ ಗ್ರುಒರ್ನ್ ಎಂಬ ಹಳ್ಳಿ ಇತ್ತು. 1930ರ ದಶಕದ ಕೊನೆಯಲ್ಲಿ ಮೈದಾನ ದೊಡ್ಡದು ಮಾಡಲು ಊರನ್ನೇ ಎಬ್ಬಿಸಿದರು. ಈಗ ಉಳಿದಿರುವುದು ಚರ್ಚು, ಶಾಲೆ ಮತ್ತು ಸಮಾಧಿಗಳು. ಗುರುತು ಹಾಕಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ. ನೆಲದಲ್ಲಿ ಸಿಡಿಯದ ಗುಂಡುಗಳು ಇನ್ನೂ ಇವೆ. ಸುಮ್ನೆ ಹೆದರಿಸುವ ಬೋರ್ಡಲ್ಲ ಅದು.

ಬ್ಲೌಬೊಯ್ರನ್ ಎಂಬ ಊರು ಒಂದು ಪೂರ್ತಿ ದಿನ ಬೇಡುತ್ತದೆ. ಉಲ್ಮ್‌ನಿಂದ ರೈಲಿನಲ್ಲಿ ಸ್ವಲ್ಪವೇ ಹೊತ್ತು. ಅಲ್ಲಿನ ಬ್ಲೌಟೋಫ್ ಎಂಬ ಚಿಲುಮೆ ಸುಮಾರು 21 ಮೀಟರ್ ಆಳ. ಬಣ್ಣ ನಿಜಕ್ಕೂ ಫೋಟೊದಲ್ಲಿ ಕಾಣುವಷ್ಟೇ ನೀಲಿ. ಜೋರು ಮಳೆಯಾದ ಮರುದಿನ ಮಾತ್ರ ಹೋಗಬೇಡಿ, ನೀರು ಕದಡಿ ಬಣ್ಣ ಕೆಡುತ್ತದೆ. ನೋಡಿ ಮುಗಿದ ಮೇಲೆ ಆದಿಮಾನವ ಮ್ಯೂಸಿಯಂಗೆ ತಪ್ಪದೆ ಹೋಗಿ. ಹತ್ತಿರದ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ಸಿಕ್ಕ, ಮ್ಯಾಮತ್ ದಂತದಲ್ಲಿ ಕೆತ್ತಿದ ಹೆಣ್ಣಿನ ಮೂರ್ತಿ ಅಲ್ಲಿದೆ. ಎತ್ತರ ಬರೀ 6 ಸೆಂ.ಮೀ., ವಯಸ್ಸು ಸುಮಾರು 40,000 ವರ್ಷ. ಅದೇ ಗುಹೆಯಲ್ಲಿ ರಣಹದ್ದಿನ ಮೂಳೆಯಿಂದ ಮಾಡಿದ ಕೊಳಲೂ ಸಿಕ್ಕಿತು. ಈ ಗುಹೆಗಳು 2017ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಹೊತ್ತು ಉಳಿದರೆ ಉಲ್ಮ್‌ನಲ್ಲಿ 161.5 ಮೀಟರ್ ಎತ್ತರದ ಚರ್ಚ್ ಗೋಪುರ ನೋಡಿಕೊಂಡು ಬನ್ನಿ.

ಕೋಟೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹೋಹನ್‌ಜೊಲರ್ನ್ ಹಳೆಯ ಕಾಲದ ಕೋಟೆ ಅಂದುಕೊಂಡು ಹೋಗಬೇಡಿ. ಈಗಿನದು 1850ರಿಂದ 1867ರ ನಡುವೆ ಪ್ರಷ್ಯಾದ ರಾಜಮನೆತನ ಕಟ್ಟಿಸಿದ್ದು. ಒಳಗಿನ ರಾಜಕಿರೀಟ ನೋಡಬೇಕು ಅನ್ನುವವರು ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿಕೊಳ್ಳಿ. ಮಿಕ್ಕವರು ಎದುರಿನ ಜೆಲ್ಲರ್ ಹಾರ್ನ್ ಅಂಚಿಗೆ ಹೋಗಿ. ಆ ಪ್ರಸಿದ್ಧ ಫೋಟೊ ತೆಗೆಯುವುದು ಅಲ್ಲಿಂದಲೇ, ದುಡ್ಡೂ ಇಲ್ಲ. ಬಂಡೆಯ ತುದಿಯ ಲಿಖ್ಟನ್‌ಸ್ಟೈನ್ ಅದಕ್ಕಿಂತ ಚಿಕ್ಕದು, ಮುದ್ದಾಗಿದೆ. ವಿಲ್ಹೆಲ್ಮ್ ಹೌಫ್ 1826ರಲ್ಲಿ ಬರೆದ ಕಾದಂಬರಿಯಿಂದ ಹುರುಪುಗೊಂಡು ಅದನ್ನು 1840ರ ದಶಕದ ಶುರುವಿನಲ್ಲಿ ಕಟ್ಟಿಸಿದರು. ಕಥೆ ಮೊದಲು, ಕೋಟೆ ಆಮೇಲೆ!

ಹೋಹನ್‌ಜೊಲರ್ನ್‌ಗೆ ಹೋಗುವ ರೈಲು ಟ್ಯೂಬಿಂಗನ್ ಮೂಲಕವೇ ಹಾಯುತ್ತದೆ. ಕನ್ನಡಿಗರು ಅಲ್ಲಿ ಅರ್ಧ ದಿನ ಇಳಿಯಬೇಕು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಅಲ್ಲಿನ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. ಆ ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದ ವುರ್ಟೆಂಬರ್ಗ್‌ನ ದೊರೆ ಎಬರ್‌ಹಾರ್ಡ್ ಹುಟ್ಟಿದ್ದು ನಾವು ತಂಗಿದ್ದ ಉರಾಖ್‌ನಲ್ಲಿ.

ಊಟ. ಸಸ್ಯಾಹಾರಿಗಳು ಹಸಿದು ಸಾಯುವುದಿಲ್ಲ, ಆದರೆ ಕೇಳಿ ತಿನ್ನಬೇಕು. ಕೇಸ್‌ಶ್ಪೆಟ್ಸ್ಲೆ, ಅಂದರೆ ಮೊಟ್ಟೆ ಹಾಕಿದ ಹಿಟ್ಟಿನ ಎಳೆಗಳಿಗೆ ಚೀಸ್ ಸೇರಿಸಿದ್ದು, ಎಲ್ಲ ಕಡೆ ಸಿಗುತ್ತದೆ. ಮೌಲ್‌ಟಾಶನ್, ಅಂದರೆ ಹೂರಣ ತುಂಬಿದ ಹಿಟ್ಟಿನ ಕಡುಬು, ಅದರ ಒಳಗೆ ಸಾಮಾನ್ಯವಾಗಿ ಮಾಂಸ. ಇಲ್ಲಿನವರ ಮನೆಯೂಟ ಬೇಳೆ! ಲಿನ್ಸನ್ ಮಿಟ್ ಶ್ಪೆಟ್ಸ್ಲೆ. ಮೇಲಿನ ಸಾಸೇಜ್ ಬೇಡ ಅಂದರೆ ಸಾಲದು, ಬೇಳೆಯ ಜೊತೆಯೇ ಹಂದಿಮಾಂಸ ಬೇಯಿಸಿರುತ್ತಾರೆ. 'ಓನೆ ಶ್ಪೆಕ್' (ಹಂದಿಮಾಂಸ ಇಲ್ಲದೆ) ಅಂತ ಬಿಡಿಸಿ ಕೇಳಿ. ಆಲ್ಬ್‌ನ ಹಳೆಯ ಬೇಳೆ ತಳಿಗಳು ಕಳೆದೇ ಹೋಗಿದ್ದವು. 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಬೀಜ ಸಂಗ್ರಹದಲ್ಲಿ ಸಿಕ್ಕಿದವು. ಈಗ ರೈತರು ಮತ್ತೆ ಬೆಳೆಯುತ್ತಿದ್ದಾರೆ. ಒಂದು ಪೊಟ್ಟಣ ತಂದು ಮನೆಯಲ್ಲಿ ಸಾರು ಮಾಡಿದೆವು, ಚೆನ್ನಾಗಿಯೇ ಬಂತು. ಹಳ್ಳಿಯ ಹೋಟೆಲುಗಳು ಸೋಮವಾರ, ಮಂಗಳವಾರ ಮುಚ್ಚಿರುವುದುಂಟು. ಮಧ್ಯಾಹ್ನ ಎರಡರ ನಂತರ ಅಡುಗೆಮನೆಯೂ ಬಂದ್. ಭಾನುವಾರ ಅಂಗಡಿ ಇರುವುದಿಲ್ಲ. ಚಪಾತಿ ರೋಲ್ ಕಟ್ಟಿಕೊಂಡು ಹೋಗುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ನಗದು ಸ್ವಲ್ಪ ಇರಲಿ.

ಸ್ಟುಟ್‌ಗಾರ್ಟ್‌ನಲ್ಲಿ ಬಿಸಿಲಿದ್ದರೂ ಮೇಲೆ ಒಂದು ಜಾಕೆಟ್ ಹೆಚ್ಚು ಬೇಕು. ಶೂ ಹಿಡಿತದ್ದಿರಲಿ, ಒದ್ದೆ ಸುಣ್ಣದಕಲ್ಲು ಜಾರುತ್ತದೆ. ಹುಲ್ಲಿನಲ್ಲಿ ನಡೆದ ದಿನ ರಾತ್ರಿ ಮಂಡಿ ಹಿಂದೆ, ಕಂಕುಳಲ್ಲಿ ಉಣ್ಣಿ ಕಚ್ಚಿದೆಯೇ ನೋಡಿಕೊಳ್ಳಿ. ಈ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಉಣ್ಣಿಯಿಂದ ಮೆದುಳು ಜ್ವರ ಹರಡುವ ಅಪಾಯ ಇದೆ, ಅದಕ್ಕೆ ಲಸಿಕೆಯೂ ಇದೆ. ಜರ್ಮನಿಯಲ್ಲೇ ಇರುವವರು ಬೇಸಿಗೆಗೆ ಮೊದಲೇ ಡಾಕ್ಟರ ಹತ್ತಿರ ಕೇಳಿ ಹಾಕಿಸಿಕೊಳ್ಳಿ.