ಪಾದಸ್ಪರ್ಶಂ ಕ್ಷಮಸ್ವ ಮೇ: ತೆಂಗ್‌ಬೋಚೆಯ ಹುಣ್ಣಿಮೆ

ನೇಪಾಳದ ಖುಂಬು ಕಣಿವೆಯ ಶೆರ್ಪಾಗಳಿಗೆ ಊರದೇವರು ಒಂದು ಬೆಟ್ಟ. ಹೆಸರು ಖುಂಬಿಲಾ, ಎತ್ತರ 5,761 ಮೀಟರ್. ಎವರೆಸ್ಟ್, ಲ್ಹೋತ್ಸೆ, ಚೋ ಓಯು ಎಲ್ಲ ಎಂಟು ಸಾವಿರ ಮೀಟರ್ ದಾಟಿ ನಿಂತಿರುವ ಆ ನಾಡಿನಲ್ಲಿ ಇದು ಚಿಕ್ಕ ಬೆಟ್ಟವೇ. ಇದರ ಬುಡದಲ್ಲಿ ಖುಂಜುಂಗ್ ಅನ್ನುವ ಊರಿದೆ. ಎವರೆಸ್ಟ್ ತುದಿ ಮುಟ್ಟಿ ಬಂದವರು ಅಲ್ಲಿ ಆಲೂಗಡ್ಡೆ ಹೊಲದಲ್ಲಿ ಕೆಲಸ ಮಾಡುತ್ತಾ ಸಿಗುತ್ತಾರೆ. ಬೆಟ್ಟ ಹತ್ತುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೂ ಖುಂಬಿಲಾವನ್ನು ಹತ್ತುವುದಿಲ್ಲ. ಹೊರಗಿನವರು ಹತ್ತುತ್ತೇವೆ ಅಂದರೂ ಒಪ್ಪುವುದಿಲ್ಲ. ಅಲ್ಲಿ ದೇವರು ಕೂತಿದ್ದಾನೆ. ದೇವರ ನೆತ್ತಿಯ ಮೇಲೆ ಯಾರಾದರೂ ಕಾಲಿಡುತ್ತಾರಾ?

ನಾನು ನೇಪಾಳಕ್ಕೆ ಹೊರಟಿದ್ದು ಮಣಿ ರಿಮ್ದು ಹಬ್ಬ ನೋಡುವುದಕ್ಕೆ. ತೆಂಗ್‌ಬೋಚೆ ಬೌದ್ಧ ಮಠದಲ್ಲಿ ಶರತ್ಕಾಲದ ಹುಣ್ಣಿಮೆಗೆ ಅದು ನಡೆಯುತ್ತದೆ. ಪೂಜೆ ಒಟ್ಟು 19 ದಿನ. ಅದರಲ್ಲಿ ಕೊನೆಯ ಮೂರು ದಿನ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ನಾವು ಹೋದ ವರ್ಷ ಅದು ಕಾರ್ತಿಕದ ಹುಣ್ಣಿಮೆಗೆ ಬಿದ್ದಿತ್ತು. ಧಾರವಾಡದ ಕಡೆಯ ನಮಗೆ ಅದು ಗೌರಿ ಹುಣ್ಣಿಮೆ. ಮನೆಯಲ್ಲಿದ್ದರೆ ಸಕ್ಕರೆ ಗೊಂಬೆಗಳ ಆರತಿ ಹಿಡಿದು ಗೌರಿಗೆ ಬೆಳಗುವ ದಿನ. ಅವತ್ತು ಊರು ಬಿಟ್ಟಿರಬೇಕಲ್ಲ ಅಂತ ಬೇಜಾರಿತ್ತು. ಅದಕ್ಕೇ ನಾಲ್ಕು ಸಕ್ಕರೆ ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಜೊತೆಗೆ ಒಯ್ದಿದ್ದೆ.

ಗೌರಿಯ ದರ್ಶನ ದಾರಿಯಲ್ಲೇ ಆಯಿತು. ಲುಕ್ಲಾಕ್ಕೆ ಹಾರುವ ಪುಟ್ಟ ವಿಮಾನದ ಎಡ ಕಿಟಕಿಯಲ್ಲಿ ಎರಡು ತುದಿಗಳ ಬಿಳಿ ಬೆಟ್ಟವೊಂದು ಕಂಡಿತು. ಅದೇ ಗೌರೀಶಂಕರ, 7,134 ಮೀಟರ್. ಹಿಂದೂಗಳಿಗೆ ಒಂದು ತುದಿ ಗೌರಿ, ಇನ್ನೊಂದು ಶಂಕರ. ಶೆರ್ಪಾಗಳಿಗೆ ಅದು ದೀರ್ಘಾಯುಸ್ಸು ಕೊಡುವ ಐವರು ಅಕ್ಕತಂಗಿಯರಲ್ಲಿ ಹಿರಿಯಳಾದ ತ್ಸೆರಿಂಗ್ಮಾಳ ಮನೆ. ಎವರೆಸ್ಟಿನಲ್ಲಿ ಇರುವವಳು ಅದೇ ಐವರಲ್ಲಿ ಒಬ್ಬಳು, ಮಿಯೊಲಂಗ್ಸಂಗ್ಮಾ. ಹುಲಿಯ ಮೇಲೆ ಕೂತು ಅನ್ನ ನೀಡುವ ತಾಯಿ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ ಇರುವುದಕ್ಕೂ ಗೌರೀಶಂಕರನೇ ಕಾರಣ. ಆ ಬೆಟ್ಟದ ಮೇಲೆ ಹಾದುಹೋಗುವ ರೇಖಾಂಶವನ್ನು ಹಿಡಿದೇ ಅವರು ವೇಳೆ ಲೆಕ್ಕ ಹಾಕುತ್ತಾರೆ. ಒಂದು ಇಡೀ ದೇಶ ಗೌರಿಯನ್ನು ಕೇಳಿ ಬೆಳಗಾಯಿತು ಅನ್ನುತ್ತದೆ! ನನಗಂತೂ ಕೈ ತಾನಾಗಿ ಮುಗಿಯಿತು.

ನಾಮ್ಚೆ ಬಜಾರ್ 3,440 ಮೀಟರ್ ಎತ್ತರದಲ್ಲಿದೆ. ಮೈ ಗಾಳಿಗೆ ಹೊಂದಿಕೊಳ್ಳಲಿ ಅಂತ ಅಲ್ಲಿ ಎರಡು ರಾತ್ರಿ ಉಳಿಯುವುದು ರೂಢಿ. ಬೆಳಗ್ಗೆ ನಮ್ಮ ಲಾಡ್ಜಿನ ದೀದಿ ದೇವರ ಕೋಣೆಯಲ್ಲಿ ಏಳು ಬಟ್ಟಲುಗಳಿಗೆ ನೀರು ತುಂಬಿ ದೀಪ ಹಚ್ಚಿದರು. ಆಮೇಲೆ ಒಲೆಯ ಕೆಂಡವನ್ನು ಡಬ್ಬಿಗೆ ಹಾಕಿ, ಅದರ ಮೇಲೆ ಹಸಿ ಜುನಿಪರ್ ಸೊಪ್ಪು ಇಟ್ಟರು. ಗಮ್ಮೆನ್ನುವ ಹೊಗೆ ಎದ್ದಿತು. ಡಬ್ಬಿ ಹಿಡಿದು ಅಂಗಳಕ್ಕೆ ಹೋಗಿ ಖುಂಬಿಲಾದ ಕಡೆ ತಿರುಗಿ ನಿಂತರು. ಏನೋ ಮೆಲ್ಲಗೆ ಹೇಳಿಕೊಂಡರು. ನಮ್ಮ ಚಹಾ ಎಲ್ಲ ಅದಾದ ಮೇಲೆಯೇ.

ನಮ್ಮ ಮನೆಗಳಲ್ಲೂ ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮುಂಚೆ ಒಂದು ಶ್ಲೋಕ ಇದೆಯಲ್ಲ:

ಸಮುದ್ರವಸನೇ ದೇವಿ ಪರ್ವತಸ್ತನಮಂಡಲೇ
ವಿಷ್ಣುಪತ್ನಿ ನಮಸ್ತುಭ್ಯಂ ಪಾದಸ್ಪರ್ಶಂ ಕ್ಷಮಸ್ವ ಮೇ

ತಾಯೀ, ನಿನ್ನನ್ನು ಕಾಲಿನಿಂದ ಮುಟ್ಟುತ್ತಿದ್ದೇನೆ, ಕ್ಷಮಿಸು. ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದೇನೆ. ಬಯಲುಸೀಮೆಯಲ್ಲಿ ಹೇಳಿದಾಗ ಅದು ಬಾಯಿಪಾಠ. ಬೆಟ್ಟಗಳೇ ಭೂಮಿತಾಯಿಯ ಎದೆ ಅನ್ನುವ ಮಾತನ್ನು ಬೆಟ್ಟದ ಮೇಲೆ ನಿಂತು ಹೇಳಿದಾಗ ಮೈ ಜುಮ್ಮೆಂದಿತು. ಅಲ್ಲಿಂದ ಮುಂದೆ ದಿನಾ ಬೂಟಿನ ದಾರ ಕಟ್ಟುವಾಗ ಅದನ್ನೇ ಹೇಳಿಕೊಂಡೆ.

ಆ ದಾರಿಯಲ್ಲಿ ಹೆಜ್ಜೆಯನ್ನು ಮರೆತು ನಡೆಯುವುದಕ್ಕೆ ಆಗುವುದೇ ಇಲ್ಲ. ಗಾಳಿ ತೆಳು. ತೆಂಗ್‌ಬೋಚೆ ತಲುಪುವಷ್ಟರಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ನಮ್ಮ ಗೈಡ್ ಪಾಂಗ್‌ಬೋಚೆಯ ಶೆರ್ಪಾ. ನಾವು ದಾಯ್ ಅಂತ ಕರೆಯುತ್ತಿದ್ದೆವು, ಅಣ್ಣ ಅಂತ. ದಾಯ್ ಬಾಯಲ್ಲಿ ಸದಾ ಒಂದೇ ಮಾತು: ಬಿಸ್ತಾರೈ, ಬಿಸ್ತಾರೈ. ನಿಧಾನ, ನಿಧಾನ. ದಾರಿಯ ನಡುವೆ ಓಂ ಮಣಿ ಪದ್ಮೇ ಹೂಂ ಕೆತ್ತಿದ ಬಂಡೆಗಳಿವೆ. ಅವುಗಳನ್ನು ಬಲಕ್ಕಿಟ್ಟುಕೊಂಡು ದಾಟಬೇಕು. ಎಡಗಡೆ ದಾರಿ ಕಡಿದಾಗಿದ್ದರೂ ದಾಯ್ ಹಾಗೇ ಹೋಗುತ್ತಿದ್ದರು, ಬೆನ್ನಿನ ಮೇಲೆ ಹೊರೆ ಇದ್ದವರೂ ಹಾಗೇ ಹೋಗುತ್ತಿದ್ದರು. ಹೊರೆ ಹೊರುವವರಲ್ಲಿ ಶೆರ್ಪಾಗಳಿಗಿಂತ ಕೆಳಗಿನ ಊರುಗಳ ರಾಯ್, ತಮಾಂಗ್ ಜನ ಜಾಸ್ತಿ. ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು, ತಮ್ಮ ತೂಕದಷ್ಟನ್ನು ಹೊತ್ತು ಏರುತ್ತಾರೆ. ನಾವು ಲಾಡ್ಜಿನಲ್ಲಿ ಉಣ್ಣುವ ಅನ್ನ, ಬೇಳೆ ಎಲ್ಲ ಅವರ ಕತ್ತಿನ ಮೇಲೆ ಬಂದಿದ್ದು. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಬಾರದು ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ಖುಂಬುವಿನೊಳಗೆ ಪ್ರಾಣಿ ಕೊಲ್ಲಬಾರದು ಅನ್ನುವ ಕಟ್ಟಳೆ ಹಳೆಯದು. ಹಾಗಾಗಿ ಹಬ್ಬದ ಯಾತ್ರೆಗೆ ದಾಲ್ ಭಾತ್, ಬೆಣ್ಣೆ ಹಚ್ಚಿದ ಆಲೂಗಡ್ಡೆ ರೊಟ್ಟಿ, ಇಷ್ಟು ಸಾಕು.

ನಾಮ್ಚೆ ಬಿಟ್ಟ ಮೇಲೆ ದಾರಿ ಫುಂಕಿ ಟೆಂಗಾದಲ್ಲಿ ನದಿಯ ತನಕ ಇಳಿಯುತ್ತದೆ. ಅಲ್ಲಿ ಹರಿಯುವ ನೀರೇ ಪ್ರಾರ್ಥನಾ ಚಕ್ರಗಳನ್ನು ತಿರುಗಿಸುತ್ತದೆ. ಮನುಷ್ಯರು ಮಲಗಿದ್ದಾಗಲೂ ಜಪ ನಿಲ್ಲುವುದಿಲ್ಲ. ಅಲ್ಲಿಂದ ಕಾಡಿನೊಳಗೆ ಸುಮಾರು 600 ಮೀಟರ್ ಏರಿದರೆ ತೆಂಗ್‌ಬೋಚೆ, 3,867 ಮೀಟರ್. ಎದುರಿಗೆ ಅಮಾ ದಬ್ಲಂ ಬೆಟ್ಟ, ಹಿಂದೆ ಎವರೆಸ್ಟ್.

ಮಠದ ಬಳಿ ಒಂದು ಬಂಡೆ ಇದೆ. ಅದರ ಮೇಲೆ ಲಾಮಾ ಸಂಗ್ವಾ ದೋರ್ಜೆಯವರ ಪಾದದ ಗುರುತಿದೆ ಅಂತ ಭಕ್ತರು ತೋರಿಸುತ್ತಾರೆ. 17ನೇ ಶತಮಾನದಲ್ಲಿ ಖುಂಬುವಿನಲ್ಲಿ ಧರ್ಮ ಬಿತ್ತಿದವರು ಅವರು. ಇಲ್ಲಿ ಧ್ಯಾನಕ್ಕೆ ಕೂತಾಗ, ಮುಂದೊಂದು ದಿನ ಈ ದಿಣ್ಣೆಯ ಮೇಲೆ ಮಠ ಬರುತ್ತದೆ ಅಂದಿದ್ದರಂತೆ. ಕ್ಷಮೆ ಕೇಳಿ ಇಟ್ಟ ಕಾಲನ್ನು ಕಲ್ಲೇ ಒಳಗೆ ತೆಗೆದುಕೊಂಡಿತು ಅಂತ ನಾನು ನಂಬುತ್ತೇನೆ. ಮಠ ಬಂದಿದ್ದು 1916ರಲ್ಲಿ, ಲಾಮಾ ಗುಲು ಅವರ ಕೈಯಲ್ಲಿ. 1934ರ ಭೂಕಂಪದಲ್ಲಿ ಬಿತ್ತು, ಮತ್ತೆ ಕಟ್ಟಿದರು. 1989ರ ಜನವರಿಯಲ್ಲಿ ವಿದ್ಯುತ್ತಿನಿಂದ ಬೆಂಕಿ ಹತ್ತಿತು. ಹಳೆಯ ಗ್ರಂಥ, ಚಿತ್ರ, ಮೂರ್ತಿ ಎಷ್ಟೋ ಬೂದಿಯಾದವು. ಮತ್ತೆ ಕಟ್ಟಿ 1993ರಲ್ಲಿ ಪ್ರತಿಷ್ಠೆ ಮಾಡಿದರು. ಆ ಎತ್ತರದಲ್ಲಿ ಒಂದು ತೊಲೆ ಸಾಗಿಸುವುದು ಎಂಥ ಕೆಲಸ ಅನ್ನುವುದು ಆ ದಾರಿ ನಡೆದವರಿಗೆ ಗೊತ್ತು.

ಹುಣ್ಣಿಮೆಯ ದಿನ ವಾಂಗ್, ಅಂದರೆ ಲಾಮಾ ಎಲ್ಲರಿಗೂ ಆಶೀರ್ವಾದ ಕೊಡುವ ದಿನ. ಸುತ್ತಲ ಊರುಗಳಿಂದ ಜನ ಬಂದಿದ್ದರು. ಪಟ್ಟೆಪಟ್ಟೆಯ ಏಪ್ರನ್ ಕಟ್ಟಿದ ಅಜ್ಜಿಯರು, ಬೆನ್ನಿಗೆ ಮಗು ಕಟ್ಟಿಕೊಂಡ ತಾಯಂದಿರು, ಜಪಮಾಲೆ ತಿರುಗಿಸುತ್ತಾ ಬಿಸಿಲಿಗೆ ಮುಖ ಮಾಡಿ ಕೂತ ಅಜ್ಜಂದಿರು. ಕಹಳೆಗಳು ಎಷ್ಟು ಉದ್ದ ಅಂದರೆ ಅವುಗಳ ಬಾಯಿ ನೆಲದ ಮೇಲೆ ಇರುತ್ತದೆ. ಅವು ಮೊಳಗಿದಾಗ ಆ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗಿತು. ಹಬ್ಬದ ದೇವರು ಅವಲೋಕಿತೇಶ್ವರ, ಇಲ್ಲಿ ನಾಟ್ಯದೊಡೆಯನ ರೂಪದಲ್ಲಿ. ಕರುಣೆಯ ದೇವರು ಕುಣಿಯುತ್ತಾನೆ ಅನ್ನುವುದು ನಟರಾಜನಿಗೆ ಕೈ ಮುಗಿದು ಬೆಳೆದ ನನಗೆ ಹೊಸದೇನಲ್ಲ.

ದಿನಗಟ್ಟಲೆ ಮಂತ್ರ ಹೇಳಿ ಪವಿತ್ರ ಮಾಡಿದ ಕಾಳಿನಷ್ಟು ಚಿಕ್ಕ ಗುಳಿಗೆಗಳೇ ಪ್ರಸಾದ. ಸಾಲಿನಲ್ಲಿ ನನ್ನ ಸರದಿ ಬಂದಾಗ ಅಂಗೈಯಲ್ಲಿ ಇಟ್ಟರು. ತಕ್ಷಣ ಬಾಯಿಗೆ ಹಾಕಿಕೊಂಡೆ. ಯಾರೂ ನೀನು ಯಾರು, ಎಲ್ಲಿಯವಳು, ಯಾವ ಮತ ಅಂತ ಕೇಳಲಿಲ್ಲ. ಆಮೇಲೆ ಗರ್ಭಗುಡಿಯ ಹತ್ತಿರ ನಿಂತಿದ್ದ ಯುವ ಭಿಕ್ಷುವಿಗೆ ನನ್ನ ಡಬ್ಬಿ ಕೊಟ್ಟೆ. ಆನೆಯ ಸೊಂಡಿಲು ಮುರಿದಿತ್ತು, ಉಳಿದ ಮೂರು ಗೊಂಬೆ ಸರಿಯಾಗಿದ್ದವು. ಎಲ್ಲಿಂದ ಅಂತ ಕೇಳಿದ. ಕರ್ನಾಟಕ ಅಂದೆ. ಅವನ ಮುಖ ಅರಳಿತು. 'ಊಟ ಆಯ್ತಾ?' ಅಂದ, ಕನ್ನಡದಲ್ಲೇ! ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಓದಿದವನಂತೆ. ಪೆನೋರ್ ರಿಂಪೋಚೆ 1963ರಲ್ಲಿ ಕಟ್ಟಲು ಶುರು ಮಾಡಿದ ಆ ಮಠವೂ ತೆಂಗ್‌ಬೋಚೆಯೂ ಟಿಬೆಟಿಯನ್ ಬೌದ್ಧರ ಒಂದೇ ನ್ಯಿಂಗ್ಮಾ ಪರಂಪರೆಗೆ ಸೇರಿದವು. ನಾವೆಲ್ಲ ಕುಶಾಲನಗರದ ಹತ್ತಿರ ಗೋಲ್ಡನ್ ಟೆಂಪಲ್ ಅಂತ ನೋಡಿ, ಫೋಟೋ ತೆಗೆದು ಬರುತ್ತೇವಲ್ಲ, ಅದೇ. ಅಲ್ಲಿಂದ ಹೊರಟ ಪಾಠ ಇಷ್ಟು ಎತ್ತರ ಹತ್ತಿ ಬಂದಿದೆ. ಅವನು ಗೊಂಬೆಗಳನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದು ದೀಪಗಳ ಸಾಲಿನ ಪಕ್ಕ ಇಟ್ಟ. ನನ್ನ ಗೌರಿ ಹುಣ್ಣಿಮೆಯ ಆರತಿ ಅಲ್ಲಿ ನಡೆಯಿತು. ಕಣ್ಣು ತುಂಬಿ ಬಂತು.

ಸಿಹಿ ಒಪ್ಪಿಸುವುದು ಅಲ್ಲಿಯ ಜನಕ್ಕೂ ದೊಡ್ಡದು. 1953ರ ಮೇ 29ರಂದು ತೇನ್‌ಜಿಂಗ್ ನೋರ್ಗೆ ಎಡ್ಮಂಡ್ ಹಿಲರಿಯ ಜೊತೆ ಎವರೆಸ್ಟ್ ತುದಿಯಲ್ಲಿ ನಿಂತಾಗ ಹಿಮದಲ್ಲಿ ಗುಂಡಿ ತೋಡಿ ಬಿಸ್ಕತ್ತು, ಸಿಹಿ ಇಟ್ಟರು. ಜಗತ್ತು ಗೆದ್ದೆವು ಅಂತ ಕುಣಿಯಿತು. ಅವರು ಮಾಡಿದ್ದು ನೈವೇದ್ಯ.

ಮರುದಿನ ಮುಖವಾಡದ ಕುಣಿತ. ಹದಿನಾರು ಕುಣಿತಗಳು ಒಂದರ ಹಿಂದೆ ಒಂದು ಬರುತ್ತವೆ. ಕಪ್ಪು ಟೋಪಿಯವರದ್ದು ಗಂಭೀರ. ಬಿಳಿ ಗಡ್ಡದ ಮುದುಕ ಮಿ ತ್ಸೆರಿಂಗ್ ಬಂದಾಗ ಅಂಗಳ ಪೂರ್ತಿ ನಗು. ನೋಡುತ್ತಾ ಕೂತವರಲ್ಲಿ ಒಬ್ಬರನ್ನು ಎಳೆದು ತಂದು ಪಾಠ ಹೇಳುತ್ತಾನೆ. ಪೂಜೆಯ ನಡುವೆ ಇಷ್ಟು ನಗಬಹುದಾ ಅನ್ನುವಷ್ಟು ನಕ್ಕೆವು. ಮೂರನೆಯ ದಿನ ಬೆಂಕಿಗೆ ತುಪ್ಪ, ಧಾನ್ಯ ಹಾಕುತ್ತಾರೆ. ಅದು ಹೋಮವೇ, ಬೇರೆ ಹೆಸರಿಲ್ಲ. ಅದಾದ ಮೇಲೆ, ಬಣ್ಣದ ಮರಳನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ ದಿನಗಟ್ಟಲೆ ಬಿಡಿಸಿದ್ದ ಮಂಡಲವನ್ನು ಅಳಿಸಿ, ಆ ಮರಳನ್ನು ನಾಗದೇವತೆಗಳಿಗೆ ಅರ್ಪಿಸುತ್ತಾರೆ. ಒಂದು ಚಿಟಿಕೆ ಬೇಡಿ ತರಬೇಕು ಅನಿಸಿತ್ತು. ಬೇಡಲಿಲ್ಲ. ನಾಗರದ್ದು ನಾಗರಿಗೇ ಸೇರಲಿ.

ಹಬ್ಬ ಮುಗಿಸಿ ನಾವು ಮೇಲಕ್ಕೆ ನಡೆದೆವು. ಸುಮಾರು 4,800 ಮೀಟರ್ ಎತ್ತರದಲ್ಲಿ ಥುಕ್ಲಾ ದಿಣ್ಣೆ ಇದೆ. ಎವರೆಸ್ಟ್ ಮತ್ತು ಸುತ್ತಲ ಬೆಟ್ಟಗಳಲ್ಲಿ ತೀರಿಕೊಂಡವರ ಹೆಸರಿನಲ್ಲಿ ಕಲ್ಲು ಪೇರಿಸಿ ಬಾವುಟ ಕಟ್ಟಿದ್ದಾರೆ. ಅವುಗಳಲ್ಲಿ ಶೆರ್ಪಾಗಳ ಹೆಸರು ಎಷ್ಟೊಂದು! 2014ರ ಏಪ್ರಿಲ್ 18ರಂದು ಒಂದೇ ಬೆಳಗ್ಗೆ ಹಿಮ ಕುಸಿದು 16 ನೇಪಾಳಿ ಕೆಲಸಗಾರರು ಹೋದರು. ಬೇರೆಯವರ ಆಸೆಗೆ ಹಗ್ಗ ಕಟ್ಟಲು, ಸಾಮಾನು ಸಾಗಿಸಲು ಹೋದವರು. ಹತ್ತುವ ಮುಂಚೆ ಬೇಸ್ ಕ್ಯಾಂಪಿನಲ್ಲಿ ಲಾಮಾ ಪೂಜೆ ಮಾಡುತ್ತಾರೆ, ಐಸ್ ಕೊಡಲಿ, ಮುಳ್ಳು ಬೂಟುಗಳನ್ನೂ ಪೂಜೆಗೆ ಇಡುತ್ತಾರೆ, ಅದು ಮುಗಿಯದೆ ಶೆರ್ಪಾಗಳು ಮೇಲೆ ಕಾಲಿಡುವುದಿಲ್ಲ ಅಂತ ದಾಯ್ ಹೇಳಿದರು. ಏನು ಬೇಡಿಕೊಳ್ಳುತ್ತೀರಿ ಅಂತ ಕೇಳಿದೆ. 'ಅಮ್ಮನ ಮೈಮೇಲೆ ಹೋಗುತ್ತಿದ್ದೇವೆ, ಸಿಟ್ಟಾಗಬೇಡ ಅಂತ' ಅಂದರು. ನಾನು ನಮ್ಮ ಶ್ಲೋಕ ಹೇಳಿ ಅರ್ಥ ತಿಳಿಸಿದೆ. ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ. ಆ ಕಲ್ಲುಗಳ ನಡುವೆ ಇಬ್ಬರೂ ಸುಮ್ನೆ ಸ್ವಲ್ಪ ಹೊತ್ತು ನಿಂತೆವು.

ನೀವು ಹೋಗುವುದಾದರೆ, ಹಬ್ಬದ ದಿನಗಳು ಟಿಬೆಟಿಯನ್ ಪಂಚಾಂಗದ ಪ್ರಕಾರ ವರ್ಷ ವರ್ಷ ಬದಲಾಗುತ್ತವೆ. ಮೊದಲೇ ವಿಚಾರಿಸಿ. ಒಂದು ಬಿಳಿ ಖಾತಾ, ಅಂದರೆ ಗೌರವಕ್ಕೆ ಕೊಡುವ ತೆಳು ಶಾಲು, ಇಟ್ಟುಕೊಳ್ಳಿ, ಕಾಣಿಕೆಯನ್ನು ಅದರಲ್ಲಿ ಸುತ್ತಿ ಕೊಡುವುದು ಅಲ್ಲಿಯ ಪದ್ಧತಿ. ವಾಂಗ್ ಹೊತ್ತಿನಲ್ಲಿ ಕ್ಯಾಮೆರಾ ಚೀಲದಲ್ಲಿರಲಿ. ತಲೆನೋವು, ವಾಕರಿಕೆ ಬಂದರೆ ಹಟ ಮಾಡದೆ ಕೆಳಗಿಳಿಯಿರಿ.

ನನಗೆ ಇನ್ನೊಂದು ಹರಕೆ ಇದೆ. ಮಣಿ ರಿಮ್ದು ಥಾಮೆ ಮಠದಲ್ಲೂ ನಡೆಯುತ್ತದೆ, ವಸಂತದಲ್ಲಿ, ಹೆಚ್ಚಾಗಿ ಮೇ ತಿಂಗಳಿಗೆ ಬರುತ್ತದೆ. ತೇನ್‌ಜಿಂಗ್ ಹುಡುಗನಾಗಿ ಬೆಳೆದ ಊರು ಥಾಮೆ. 2024ರ ಆಗಸ್ಟ್ 16ರಂದು ಮೇಲಿನ ಹಿಮಸರೋವರ ಒಡೆದು ಪ್ರವಾಹ ಆ ಊರಿಗೆ ನುಗ್ಗಿತು. ಮನೆಗಳು, ಶಾಲೆ, ಆರೋಗ್ಯ ಕೇಂದ್ರ ಕೊಚ್ಚಿಹೋದವು. ಬೆಟ್ಟವನ್ನು ಇಷ್ಟು ಭಯಭಕ್ತಿಯಿಂದ ನಡೆಸಿಕೊಂಡವರಿಗೇ ಹೀಗಾಯಿತಲ್ಲ ಅಂತ ಸುದ್ದಿ ಓದಿ ಅತ್ತಿದ್ದೆ. ಭೂಮಿ ಬಿಸಿಯಾಗುತ್ತಿರುವುದಕ್ಕೆ, ಹಿಮ ಕರಗುತ್ತಿರುವುದಕ್ಕೆ ಕಾರಣ ಕೆಳಗಿರುವ ನಾವು. ಕಷ್ಟ ಮಾತ್ರ ಅವರ ಪಾಲಿಗೆ. ಮುಂದಿನ ಸಲ ಥಾಮೆಗೇ ಹೋಗಬೇಕು. ಅಲ್ಲಿನ ಲಾಡ್ಜಿನಲ್ಲೇ ಉಳಿಯಬೇಕು, ಅಲ್ಲಿನ ಆಲೂಗಡ್ಡೆಯನ್ನೇ ತಿನ್ನಬೇಕು, ಆ ಊರಿನವರ ಜೊತೆ ಅಂಗಳದಲ್ಲಿ ಕೂತು ವಾಂಗ್ ಪಡೆಯಬೇಕು.